ವರ್ಷ ತಪ್ಪಿದ ಥಂಡರ್‌ಬೋಲ್ಟ್: ಹಳೆಯ ಜಿಪಿಎಸ್ ಟೈಮಿಂಗ್ ರಿಸೀವರ್‌ಗಳ ದುರಸ್ತಿ

ಗುಜರಿಪ್ರಿಯ, ಬೆಂಗಳೂರು (3 ಜೂನ್ 2025)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ, ಕಳಚಿ ತಂದ ಮೊಬೈಲ್ ಟವರ್ ಸಾಮಾನುಗಳ ರಾಶಿಯಲ್ಲಿ, ಟ್ರಿಂಬಲ್ ಥಂಡರ್‌ಬೋಲ್ಟ್ ಎಂದು ಬರೆದಿದ್ದ ಒಂದು ಲೋಹದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಜಿಪಿಎಸ್ ಉಪಗ್ರಹಗಳಿಂದ ಸಮಯ ಹಿಡಿದು ನಿಖರವಾದ ಆವರ್ತನ ಮತ್ತು ಸಮಯ ಕೊಡುವ ರಿಸೀವರ್ ಅದು, ಆದರೆ ಅಂಗಡಿಯವರಿಗೆ ಅದು ಏನೆಂದು ತಿಳಿದಿರಲಿಲ್ಲ. ತೂಕದ ಲೆಕ್ಕದಲ್ಲಿ ಕೊಟ್ಟರು. ಆಂಟೆನಾಗೆ ಡಿಶ್ ಟಿವಿಯಲ್ಲಿರುವಂಥದೇ ಎಫ್ ಕನೆಕ್ಟರ್, 10 ಮೆಗಾಹರ್ಟ್ಸ್ ಮತ್ತು ಸೆಕೆಂಡಿಗೊಂದು ಪಲ್ಸ್ ಹೊರಬರುವುದಕ್ಕೆ ಎರಡು ಬಿಎನ್‌ಸಿ, ಒಂದು ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್, ಇಷ್ಟು ಅದರ ಮೈಮೇಲಿವೆ. ಇದಕ್ಕೆ +12, −12 ಮತ್ತು +5 ವೋಲ್ಟ್ ಮೂರೂ ಬೇಕಾಗಿರುವುದರಿಂದ ಹಳೆಯ ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ತೆಗೆದು, ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿ ಚಾಲೂ ಮಾಡಿ, ಹಳದಿ, ನೀಲಿ, ಕೆಂಪು ತಂತಿಗಳಿಂದ ವಿದ್ಯುತ್ತು ಕೊಟ್ಟೆ. ತಾರಸಿಯಲ್ಲಿ ಬಳಸದೆ ಬಿದ್ದಿದ್ದ ಆರ್‌ಜಿ-6 ಕೇಬಲ್ಲಿಗೆ ಆಂಟೆನಾ ಜೋಡಿಸಿದೆ.

ಪೆಟ್ಟಿಗೆ ಉಪಗ್ರಹಗಳನ್ನು ಹಿಡಿಯಿತು. ತನ್ನ ಸ್ಥಾನವನ್ನು 2000 ಬಾರಿ ಅಳೆದು ಸರಾಸರಿ ತೆಗೆಯಲು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಂಡು, ಆಮೇಲೆ ಎಲ್ಲವೂ ಸರಿಯಾಗಿದೆ ಎಂದೇ ಹೇಳುತ್ತಿದೆ. ಆದರೆ ಪೆಟ್ಟಿಗೆಯ ಸ್ಥಿತಿಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಲೇಡಿ ಹೆದರ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ನೋಡಿದರೆ ಇಂದಿನ ದಿನಾಂಕ 18 ಅಕ್ಟೋಬರ್ 2005 ಎಂದು ಬರುತ್ತಿದೆ. ಒಳಗಿನ ಮೆಮೊರಿ ಕೆಟ್ಟಿದೆಯೇ? ಬದಲಾಯಿಸಬೇಕಾದ ಬ್ಯಾಟರಿ ಏನಾದರೂ ಇದೆಯೇ? ಇದನ್ನು ಸರಿಪಡಿಸುವ ಶ್ರಮಕ್ಕೆ ಅರ್ಥವಿದೆಯೇ ಎಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಅಡಕೆತೋಟದ ಹ್ಯಾಮ್, ತೀರ್ಥಹಳ್ಳಿ (3 ಜೂನ್)

ಗುಜರಿಪ್ರಿಯ ಅವರೇ, ಬ್ಯಾಟರಿ ಹುಡುಕಲು ಪೆಟ್ಟಿಗೆ ಬಿಚ್ಚಬೇಡಿ. ಅದಕ್ಕೆ ರೋಗವಿಲ್ಲ, ಎಣಿಕೆ ಒಂದು ಸುತ್ತು ತಿರುಗಿದೆ ಅಷ್ಟೇ.

ಜಿಪಿಎಸ್ ಕಾಲವು 6 ಜನವರಿ 1980ರಿಂದ ವಾರಗಳ ಲೆಕ್ಕದಲ್ಲಿ ನಡೆಯುತ್ತದೆ. ಹಳೆಯ ರಿಸೀವರ್‌ಗಳು ಓದುವ ಸಂಕೇತದಲ್ಲಿ ವಾರದ ಸಂಖ್ಯೆಗೆ ಕೊಟ್ಟಿರುವುದು ಹತ್ತು ಬಿಟ್ ಮಾತ್ರ. ಹಾಗಾಗಿ 1023 ಆದ ಮೇಲೆ ಮತ್ತೆ ಸೊನ್ನೆಯಿಂದ ಆರಂಭ. ಹೀಗೆ 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಆಗಿದೆ. ನಮ್ಮ ಅರವತ್ತು ಸಂವತ್ಸರಗಳ ಚಕ್ರವನ್ನು ನೆನಪಿಸಿಕೊಳ್ಳಿ. ಶಾಸನವೊಂದರಲ್ಲಿ ಶಕವರ್ಷವಿಲ್ಲದೆ ಕೇವಲ ‘ವಿಕಾರಿ ಸಂವತ್ಸರ’ ಎಂದಿದ್ದರೆ ಅದು ಯಾವ ಸುತ್ತಿನ ವಿಕಾರಿ ಎಂದು ಶಾಸನತಜ್ಞರು ಅರಸನ ಹೆಸರು, ಲಿಪಿಯ ಸ್ವರೂಪ ಮುಂತಾದ ಬೇರೆ ಆಧಾರಗಳಿಂದ ನಿರ್ಧರಿಸಬೇಕಾಗುತ್ತದೆ. ಉಪಗ್ರಹವೂ ಸಂವತ್ಸರದ ಹೆಸರನ್ನಷ್ಟೇ ಹೇಳುತ್ತದೆ. ಯಾವ ಸುತ್ತು ಎಂಬುದನ್ನು ರಿಸೀವರ್ ತಾನೇ ಊಹಿಸಬೇಕು. ಥಂಡರ್‌ಬೋಲ್ಟ್ ಒಳಗಿನ ತಂತ್ರಾಂಶದ ಊಹೆ 29 ಜುಲೈ 2017ರವರೆಗೆ ಸರಿಯಾಗಿತ್ತು. ಮರುದಿನ ಅದು 14 ಡಿಸೆಂಬರ್ 1997 ಎಂದು ತೋರಿಸಿತು. 15 ಮಾರ್ಚ್ 2037 ಬರುವವರೆಗೆ ಅದು ಪೂರ್ತಿ 1024 ವಾರ, ಅಂದರೆ 7168 ದಿನ, ಹಿಂದೆಯೇ ಇರುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ಇವತ್ತು ಮಂಗಳವಾರ. 18 ಅಕ್ಟೋಬರ್ 2005 ಕೂಡ ಮಂಗಳವಾರವೇ. ತಪ್ಪಿರುವುದು ಪೂರ್ಣ ವಾರಗಳಲ್ಲಾದ್ದರಿಂದ ವಾರದ ಹೆಸರು ತಪ್ಪುವುದಿಲ್ಲ, ಗಂಟೆ ನಿಮಿಷ ಸೆಕೆಂಡುಗಳೂ ತಪ್ಪುವುದಿಲ್ಲ. ಮೆಮೊರಿ ಕೆಟ್ಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ತಪ್ಪುತ್ತಿರಲಿಲ್ಲ.

10 ಮೆಗಾಹರ್ಟ್ಸ್ ಮಾತ್ರ ಬೇಕಾದವರು ಇದನ್ನು ಸರಿಪಡಿಸುವ ಅಗತ್ಯವೇ ಇಲ್ಲ. ಆ ತರಂಗವನ್ನು ಹುಟ್ಟಿಸುವ ಆಸಿಲೇಟರಿಗೆ ಯಾವ ವರ್ಷವಾದರೂ ಒಂದೇ. ಕಂಪ್ಯೂಟರಿಗೆ ಸಮಯ ಉಣಿಸಬೇಕಾದವರು ಮಾತ್ರ 61,93,15,200 ಸೆಕೆಂಡು ಕೂಡಿಸಬೇಕು. ಲೇಡಿ ಹೆದರ್‌ನ ಹೊಸ ಆವೃತ್ತಿಗಳು ಅದನ್ನು ತಾವೇ ಮಾಡಿಕೊಳ್ಳುತ್ತವೆ. ವರ್ಷಕ್ಕೆ 20 ಕೂಡಿಸಿ ತಿಂಗಳು ಕಳೆಯುವ ಗೊಡವೆಗೆ ಹೋಗಬೇಡಿ. ದಿನಗಳ ಸಂಖ್ಯೆಗೆ ಪರಿವರ್ತಿಸಿ 7168 ಕೂಡಿಸಿ ಮತ್ತೆ ದಿನಾಂಕಕ್ಕೆ ತನ್ನಿ, ಫೆಬ್ರವರಿ 29ರ ತಲೆನೋವು ಇರುವುದಿಲ್ಲ.

ನಿವೃತ್ತ ಟೆಲಿಕಾಂ, ಮೈಸೂರು (4 ಜೂನ್)

ಹ್ಯಾಮ್ ಅವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಈ ಪೆಟ್ಟಿಗೆಗಳು ಗುಜರಿಗೆ ಬರುವುದೇಕೆ ಎಂಬುದು ತಿಳಿದರೆ ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದೂ ತಿಳಿಯುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಿಡಿಎಂಎ ಎಂಬ ಹಳೆಯ ಬಗೆಯ ಮೊಬೈಲ್ ಜಾಲದಲ್ಲಿ ಎಲ್ಲ ಟವರ್‌ಗಳೂ ಒಂದೇ ಸಂಕೇತಮಾಲೆಯನ್ನು ಬಿತ್ತರಿಸುತ್ತಿದ್ದವು. ಒಂದು ಟವರಿಗೂ ಇನ್ನೊಂದಕ್ಕೂ ಇದ್ದ ಗುರುತು ಎಂದರೆ ಆ ಮಾಲೆ ಆರಂಭವಾಗುವ ಕ್ಷಣ ಮಾತ್ರ, ಅದೂ ಸುಮಾರು 52 ಮೈಕ್ರೋಸೆಕೆಂಡಿನ ಗುಣಕಗಳಲ್ಲಿ. ಟವರಿನ ಗಡಿಯಾರ ಜಾರಿದರೆ ಅದು ಪಕ್ಕದ ಟವರಿನ ವೇಷ ಹಾಕಿಕೊಂಡಂತೆ ಕಾಣುತ್ತಿತ್ತು. ಮಾತಿನ ನಡುವೆ ಕರೆ ಒಂದು ಟವರಿನಿಂದ ಇನ್ನೊಂದಕ್ಕೆ ಸಾಗುವಾಗ ಕಡಿದುಹೋಗುತ್ತಿತ್ತು. ಆದ್ದರಿಂದಲೇ ಪ್ರತಿ ಟವರಿನ ಕೆಳಗೂ ಜಿಪಿಎಸ್ ಟೈಮಿಂಗ್ ರಿಸೀವರ್ ಇರುತ್ತಿತ್ತು. ಉಪಗ್ರಹದ ಸಂಕೇತ ತಪ್ಪಿಹೋದರೂ ಒಂದು ದಿನದವರೆಗೆ ಹತ್ತು ಮೈಕ್ರೋಸೆಕೆಂಡಿನ ಒಳಗೇ ಸಮಯ ಹಿಡಿದಿಡಬೇಕೆಂಬ ನಿರೀಕ್ಷೆಗಾಗಿ ಅದರೊಳಗೆ ಕ್ವಾರ್ಟ್ಜ್ ಹರಳನ್ನು ಸದಾ ಒಂದೇ ಬಿಸಿಯಲ್ಲಿಡುವ ದುಬಾರಿಯಾದ ಓವನ್ ಆಸಿಲೇಟರ್ ಕೂರಿಸುತ್ತಿದ್ದರು. ಕಳೆದ ದಶಕದಲ್ಲಿ ನಮ್ಮ ದೇಶದ ಸಿಡಿಎಂಎ ಜಾಲಗಳು ಮುಚ್ಚಿದಾಗ ಇವು ಗುಜರಿಗೆ ಬಂದವು. ಅಮೆರಿಕದಲ್ಲಿ ಇದಕ್ಕೆ ಮೊದಲೇ ಎಚ್‌ಪಿ ಕಂಪನಿಯ ಝಡ್3801ಎ ಪೆಟ್ಟಿಗೆಗಳು ಹೀಗೆಯೇ ಹವ್ಯಾಸಿಗಳ ಕೈಸೇರಿದ್ದವು. ಅದರ 10811 ಆಸಿಲೇಟರ್‌ನಂಥದ್ದನ್ನು ಇಂದು ಹೊಸದಾಗಿ ಕೊಳ್ಳಹೊರಟರೆ ಜೇಬು ತಡೆಯದು.

ಹರಳು ವರ್ಷಗಟ್ಟಲೆ ತಣ್ಣಗೆ ಬಿದ್ದಿದ್ದರೆ ಮೊದಲ ದಿನಗಳಲ್ಲಿ ಅದರ ಆವರ್ತನ ಒಂದೇ ಸಮನೆ ಸರಿಯುತ್ತಿರುತ್ತದೆ. ಅದನ್ನು ಎಳೆದು ನಿಲ್ಲಿಸುವ ಡಿಎಸಿ ವೋಲ್ಟೇಜನ್ನು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲ ವಾರ ದೊಡ್ಡ ಹೆಜ್ಜೆ, ಮೂರನೆಯ ವಾರ ಸಣ್ಣ ಹೆಜ್ಜೆ ಎಂದಾದರೆ ಹರಳು ಆರೋಗ್ಯವಾಗಿದೆ. ವೋಲ್ಟೇಜ್ ತನ್ನ ಮಿತಿಯ ಅಂಚಿಗೆ ಹೋಗಿ ಎಚ್ಚರಿಕೆ ಬಂದರೆ ಮಾತ್ರ ಚಿಂತಿಸಬೇಕು. ದಯವಿಟ್ಟು ಮೊದಲ ದಿನವೇ ಆವರ್ತನ ತಿದ್ದುವ ಟ್ರಿಮ್ಮರ್ ತಿರುಗಿಸಬೇಡಿ. ಅವಸರಕ್ಕೆ ಹಾಗೆ ಮಾಡಿ ಒಂದು ಒಳ್ಳೆಯ ಆಸಿಲೇಟರನ್ನು ನಾನೇ ಹಾಳುಮಾಡಿದ್ದೇನೆ.

ಕಂಪ್ಯೂಟರಿನ ಎಸ್‌ಎಂಪಿಎಸ್ ಪರೀಕ್ಷೆಗೆ ಸಾಕು, ಬಳಕೆಗೆ ಸಲ್ಲದು. ಅದರ ಸ್ವಿಚಿಂಗ್ ಗೊಜಲು 10 ಮೆಗಾಹರ್ಟ್ಸ್ ತರಂಗದೊಳಗೆ ನುಸುಳುತ್ತದೆ. ಟ್ರಾನ್ಸ್‌ಫಾರ್ಮರ್ ಮತ್ತು ಲೀನಿಯರ್ ರೆಗ್ಯುಲೇಟರ್ ಬಳಸಿ ಸಪ್ಲೈ ಕಟ್ಟಿಕೊಳ್ಳಿ. ಓವನ್ ಬಿಸಿಯಾಗುವಾಗ +12ರ ಸಾಲು ಹೆಚ್ಚು ಕರೆಂಟ್ ಎಳೆಯುತ್ತದೆ. ಅದನ್ನು ಲೆಕ್ಕಕ್ಕಿಟ್ಟುಕೊಂಡು ಹೀಟ್‌ಸಿಂಕ್ ಹಾಕಿ.

ದೂರದೇಶಿ, ಸನ್ನಿವೇಲ್ (5 ಜೂನ್)

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದು, ಆದರೆ ಇದೆಲ್ಲ ಅಗತ್ಯವೇ ಎಂಬ ಸಂಶಯ ನನ್ನದು. ಇಂದು ಸಿಗುವ ಚಿಕ್ಕ ಟೈಮಿಂಗ್ ಮಾಡ್ಯೂಲ್ ಜಿಪಿಎಸ್ ಜೊತೆಗೆ ಬೇರೆ ದೇಶಗಳ ಅಂಥದೇ ಉಪಗ್ರಹ ವ್ಯವಸ್ಥೆಗಳಾದ ಗ್ಲೋನಾಸ್, ಗೆಲಿಲಿಯೊ, ಬೈಡೌ ಎಲ್ಲವನ್ನೂ ಹಿಡಿಯುತ್ತದೆ. ಥಂಡರ್‌ಬೋಲ್ಟ್ ಬಲ್ಲದ್ದು 1575.42 ಮೆಗಾಹರ್ಟ್ಸ್‌ನ ಜಿಪಿಎಸ್ ಒಂದೇ. ನಮ್ಮದೇ ನಾವಿಕ್ ಉಪಗ್ರಹಗಳು ಬಹುಕಾಲ ಎಲ್5 ಮತ್ತು ಎಸ್ ಬ್ಯಾಂಡ್‌ಗಳಲ್ಲಷ್ಟೇ ಬಿತ್ತರಿಸಿದವು; 29 ಮೇ 2023ರಂದು ಹಾರಿದ ಎನ್‌ವಿಎಸ್-01ರಿಂದ ಅದೇ 1575.42ರ ಎಲ್1 ಸಂಕೇತವೂ ಆರಂಭವಾಯಿತು, ಆದರೆ ಹಳೆಯ ಪೆಟ್ಟಿಗೆಗೆ ಆ ಭಾಷೆ ಅರ್ಥವಾಗುವುದಿಲ್ಲ. ಹಳೆಯ ಆಸಿಲೇಟರನ್ನು ಬಿಚ್ಚಿಕೊಂಡು ಅದಕ್ಕೆ ಹೊಸ ಮಾಡ್ಯೂಲ್ ಕಟ್ಟುವುದೇ ಜಾಣತನವಲ್ಲವೇ?

ನಿವೃತ್ತ ಟೆಲಿಕಾಂ, ಮೈಸೂರು (5 ಜೂನ್)

ಮಾಡ್ಯೂಲಿನ ಒಂದು ಪಲ್ಸ್ ಹತ್ತಾರು ನ್ಯಾನೋಸೆಕೆಂಡು ಆಚೀಚೆ ಜಿಗಿಯುತ್ತದೆ. ಅದರ ಸರಾಸರಿಗೆ ಹರಳನ್ನು ನಿಧಾನವಾಗಿ ಎಳೆದು ತರುವ ನಿಯಂತ್ರಣವೇ ಈ ಪೆಟ್ಟಿಗೆಯ ನಿಜವಾದ ಕಸುಬು. ಅದನ್ನು ಹೊಸದಾಗಿ ಬರೆಯಲು ಕುಳಿತವರಲ್ಲಿ ಹೆಚ್ಚಿನವರು ಮೂರನೆಯ ತಿಂಗಳಿಗೆ ಥಂಡರ್‌ಬೋಲ್ಟ್ ಕೊಂಡುಕೊಂಡದ್ದನ್ನು ನಾನು ಕಂಡಿದ್ದೇನೆ. ಅದರ ಆಸಿಲೇಟರ್ ಸತ್ತಿದ್ದರೆ ನಿಮ್ಮ ದಾರಿ ಸರಿ. ಬದುಕಿದ್ದರೆ ಅಂಗಾಂಗ ಕೀಳುವುದು ಬೇಡ.

ಗುಜರಿಪ್ರಿಯ, ಬೆಂಗಳೂರು (12 ಜೂನ್)

ಲೀನಿಯರ್ ಸಪ್ಲೈ ಕಟ್ಟಿದ್ದಾಯಿತು, ಡಿಎಸಿ ವೋಲ್ಟೇಜ್ ಬರೆಯುತ್ತಿದ್ದೇನೆ, ಹೆಜ್ಜೆಗಳು ಕಿರಿದಾಗುತ್ತಿವೆ.

ಈಗ ಬೇರೆಯೇ ಒಂದು ಒಗಟು. ನನಗೆ ಗೋಡೆಗಡಿಯಾರವೂ ಬೇಕಿತ್ತಾದ್ದರಿಂದ ಸೀರಿಯಲ್ ತಂತಿಯ ನಡುವೆ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಕೂರಿಸಿದ್ದೇನೆ. ಅದು ಪೆಟ್ಟಿಗೆ ಕಳುಹಿಸುವ ಸಮಯದ ಪ್ಯಾಕೆಟ್ (ಬೈಟುಗಳ ಕಟ್ಟು) ಓದಿ, 7168 ದಿನ ಕೂಡಿಸಿ, ಮುಂದಕ್ಕೆ ಅದೇ ರೂಪದಲ್ಲಿ ಕಳುಹಿಸುತ್ತದೆ. ಪೆಟ್ಟಿಗೆಯನ್ನು ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ಇಟ್ಟಿದ್ದೇನೆ, ಐದೂವರೆ ಗಂಟೆ ಕೂಡಿಸುವುದು ಗೋಡೆಗಡಿಯಾರದ ಕೆಲಸ. ಎಲ್ಲವೂ ಸರಿಯಾಗಿ ನಡೆಯುತ್ತದೆ, ಆದರೆ ಪ್ರತಿ ಗಂಟೆಯ 33 ನಿಮಿಷ 16ನೆಯ ಸೆಕೆಂಡಿಗೆ ಗಡಿಯಾರ ಒಂದು ಸೆಕೆಂಡು ಖಾಲಿಯಾಗುತ್ತದೆ. ಇದಕ್ಕಿಂತ ವಿಚಿತ್ರವೆಂದರೆ ದಿನವೂ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಪೂರ್ತಿ ಒಂದು ನಿಮಿಷ ಖಾಲಿ. ಮನೆಯ ಯಾವುದಾದರೂ ಮೋಟಾರಿನ ಕಾಟವಿರಬಹುದೆಂದು ಎರಡು ದಿನ ನೀರಿನ ಪಂಪ್ ಮತ್ತು ಮಿಕ್ಸಿಗಳ ಮೇಲೆ ಅನುಮಾನಪಟ್ಟು ಮನೆಯವರಿಂದ ಬೈಸಿಕೊಂಡದ್ದೂ ಆಯಿತು.

ಅಡಕೆತೋಟದ ಹ್ಯಾಮ್, ತೀರ್ಥಹಳ್ಳಿ (12 ಜೂನ್)

ಮಿಕ್ಸಿ ನಿರಪರಾಧಿ. ನೀವು ಪ್ಯಾಕೆಟ್ಟಿನ ಕೊನೆಯನ್ನು ಹೇಗೆ ಗುರುತಿಸುತ್ತಿದ್ದೀರಿ ಎಂಬುದನ್ನು ನೋಡಿ.

ಪೆಟ್ಟಿಗೆ ಮಾಹಿತಿ ಕಳುಹಿಸುವ ಟಿಎಸ್‌ಐಪಿ ಎಂಬ ಪದ್ಧತಿಯಲ್ಲಿ ಪ್ಯಾಕೆಟ್ 16 ಎಂಬ ಬೈಟಿನಿಂದ ಆರಂಭವಾಗಿ 16, 3 ಎಂಬ ಜೋಡಿಯಿಂದ ಮುಗಿಯುತ್ತದೆ. ಒಳಗಿನ ಮಾಹಿತಿಯಲ್ಲೇ 16 ಬಂದುಬಿಟ್ಟರೆ ಗೊಂದಲವಾಗಬಾರದೆಂದು ಅದನ್ನು ಎರಡು ಬಾರಿ ಕಳುಹಿಸುತ್ತಾರೆ. ಸಮಯದ ಪ್ಯಾಕೆಟ್ಟಿನಲ್ಲಿ ಸೆಕೆಂಡು, ನಿಮಿಷ, ಗಂಟೆ, ದಿನ, ತಿಂಗಳು ಎಂಬ ಕ್ರಮವಿದೆ. ಯುಟಿಸಿ 3 ನಿಮಿಷ 16 ಸೆಕೆಂಡು ಎಂದಾಗ ತಂತಿಯ ಮೇಲೆ ಬರುವುದು 16, 16, 3. ನಿಮ್ಮ ಪ್ರೋಗ್ರಾಮು ಎರಡನೆಯ 16 ಮತ್ತು ಅದರ ಪಕ್ಕದ 3ನ್ನು ಕಂಡು ಪ್ಯಾಕೆಟ್ ಮುಗಿಯಿತೆಂದು ಕತ್ತರಿಸುತ್ತಿದೆ. ಯುಟಿಸಿಯ 3ನೆಯ ನಿಮಿಷ ನಮಗೆ 33ನೆಯ ನಿಮಿಷ. ಯುಟಿಸಿ 3 ಗಂಟೆ 16 ನಿಮಿಷವೆಂದರೆ ನಮ್ಮ ಬೆಳಗಿನ 8:46. ಆಗ ನಿಮಿಷ 16, ಗಂಟೆ 3, ಆದ್ದರಿಂದ ಅರವತ್ತು ಸೆಕೆಂಡೂ ಅದೇ ಜೋಡಿ. ನೀವು ಮೊದಲು ಕತ್ತರಿಸಿ ಆಮೇಲೆ ಜೋಡಿ 16ನ್ನು ಒಂಟಿ ಮಾಡುತ್ತಿದ್ದೀರಿ. ಬೈಟುಗಳನ್ನು ಒಂದೊಂದಾಗಿ ಓದಿ: 16 ಸಿಕ್ಕರೆ ಮುಂದಿನದನ್ನು ನೋಡಿ, ಅದೂ 16 ಆಗಿದ್ದರೆ ಎರಡನ್ನೂ ಸೇರಿಸಿ ಒಂದು ಮಾಹಿತಿ ಎಂದು ಎತ್ತಿಟ್ಟುಕೊಳ್ಳಿ, 3 ಆಗಿದ್ದರೆ ಮಾತ್ರ ಮುಕ್ತಾಯ.

ಈಗಲೇ ಕಂಡುಕೊಂಡದ್ದು ಒಳ್ಳೆಯದಾಯಿತು. ಬರುವ ಅಕ್ಟೋಬರ್ 30ರಂದು ನಿಮ್ಮ ಪೆಟ್ಟಿಗೆಯ ಪಾಲಿಗೆ 16 ಮಾರ್ಚ್ 2006. ದಿನ 16, ತಿಂಗಳು 3. ಅಂದು ಇಡೀ ದಿನ ಗಡಿಯಾರ ಕಣ್ಣುಮುಚ್ಚುತ್ತಿತ್ತು, ನೀವು ಮನೆಯ ವೈರಿಂಗನ್ನೇ ಕೀಳಿಸುತ್ತಿದ್ದಿರಿ.

ಕರಾವಳಿ ಕುತೂಹಲಿ, ಕುಂದಾಪುರ (13 ಜೂನ್)

ಚರ್ಚೆ ಓದಿ ನಾನೂ ಒಂದು ಪೆಟ್ಟಿಗೆ ತರಿಸಿದ್ದೇನೆ. ಆಂಟೆನಾ ಎಲ್ಲಿ ಇಡಬೇಕು? ಮನೆಯ ಸುತ್ತ ತೆಂಗು, ಮೇಲೆ ಮಳೆ. ಉತ್ತರ ದಿಕ್ಕಿನಲ್ಲಿ ಉಪಗ್ರಹಗಳೇ ಇರುವುದಿಲ್ಲವೆಂದು ಒಂದು ಕಡೆ ಓದಿದೆ.

ಅಡಕೆತೋಟದ ಹ್ಯಾಮ್, ತೀರ್ಥಹಳ್ಳಿ (13 ಜೂನ್)

ಆ ಸಲಹೆ ಯುರೋಪಿನವರಿಗೆ ಬರೆದದ್ದು. ಜಿಪಿಎಸ್ ಕಕ್ಷೆಗಳ ಓರೆ 55 ಡಿಗ್ರಿ; ನಾವು ಹದಿಮೂರು ಹದಿನಾಲ್ಕು ಡಿಗ್ರಿಯಲ್ಲಿರುವುದರಿಂದ ಉಪಗ್ರಹಗಳು ನೆತ್ತಿಯ ಮೇಲೆಯೇ ಹಾಯುತ್ತವೆ. ಹಾಗಾಗಿ ನಮಗೆ ಬೇಕಾದದ್ದು ನೆತ್ತಿಯ ಮೇಲಿನ ತೆರೆದ ಆಕಾಶ. ಒದ್ದೆ ಗರಿಗಳು ಸಂಕೇತವನ್ನು ಕುಡಿದುಬಿಡುತ್ತವೆ, ಆದ್ದರಿಂದ ತೆಂಗಿನ ಚಪ್ಪರದಿಂದ ದೂರ, ಸಾಧ್ಯವಾದರೆ ಮಾಡಿನ ಏಣಿನ ಮೇಲೆ, ಒಂದು ಪಿವಿಸಿ ಪೈಪಿನ ತುದಿಗೆ ಕೂರಿಸಿ. ಎಫ್ ಕನೆಕ್ಟರಿಗೆ ನೀರು ಇಳಿಯದಂತೆ ಸುತ್ತುವ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದೆಸಿದ ಹಾಗೆ. ಮೇಲಿನ ಸುತ್ತು ಕೆಳಗಿನದರ ಮೇಲೆ ಬರಬೇಕು. ಸಿಡಿಲಿನ ಹೊತ್ತಿಗೆ ಕೇಬಲ್ ಕಳಚಿಡಿ. ಕಳೆದ ವರ್ಷ ಏಪ್ರಿಲ್‌ನಲ್ಲಿ ಸೋಮಾರಿತನ ಮಾಡಿ ಒಂದು ರಿಸೀವರಿನಲ್ಲಿ ಸಂಕೇತ ಹಿಡಿಯುವ ಮೊದಲ ಭಾಗವನ್ನು ಕಳೆದುಕೊಂಡಿದ್ದೇನೆ.

ಕೇಬಲ್ ಉದ್ದವನ್ನು ತಂತ್ರಾಂಶಕ್ಕೆ ತಿಳಿಸಲು ಮರೆಯಬೇಡಿ. ಫೋಮ್ ತುಂಬಿದ ಆರ್‌ಜಿ-6ರಲ್ಲಿ ಸಂಕೇತ ಮೀಟರಿಗೆ ಸುಮಾರು 4 ನ್ಯಾನೋಸೆಕೆಂಡು ತಡವಾಗುತ್ತದೆ. 25 ಮೀಟರಿಗೆ ನೂರಾಯಿತು.

ನಿವೃತ್ತ ಟೆಲಿಕಾಂ, ಮೈಸೂರು (14 ಜೂನ್)

ಇನ್ನೆರಡು ಮಾತು ಸೇರಿಸುತ್ತೇನೆ. ನಾವು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಸೂರ್ಯ ಮುಳುಗಿದ ಮೇಲೆ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ವಾತಾವರಣದ ಮೇಲಿನ ಪದರವಾದ ಅಯಾನುಗೋಳ ಕಲಕಿ ಸಂಕೇತಗಳು ಮಿನುಗುತ್ತವೆ. ಸೌರಚಟುವಟಿಕೆ ಜೋರಾಗಿರುವ ಈ ವರ್ಷಗಳಲ್ಲಿ ರಾತ್ರಿ ಎಂಟರಿಂದ ನಡುರಾತ್ರಿಯ ನಡುವೆ ಉಪಗ್ರಹಗಳು ಒಂದೊಂದಾಗಿ ಕೈಬಿಟ್ಟರೆ ಆಂಟೆನಾವನ್ನು ಶಂಕಿಸಬೇಡಿ, ಬೆಳಗಿನವರೆಗೆ ಕಾಯಿರಿ. ಒಂದೇ ಆವರ್ತನದ ರಿಸೀವರಿಗೆ ಈ ಕಲಕನ್ನು ಅಳೆದು ಕಳೆಯುವ ಉಪಾಯವಿಲ್ಲ. ಆದ್ದರಿಂದ ಕಾರ್ಖಾನೆಯಿಂದ 100 ಸೆಕೆಂಡಿಗೆ ಇಟ್ಟಿರುವ ಕಾಲಸ್ಥಿರಾಂಕವನ್ನು (ಹರಳನ್ನು ಎಷ್ಟು ನಿಧಾನವಾಗಿ ಎಳೆಯಬೇಕೆಂಬ ಅಳತೆಯನ್ನು), ಆಸಿಲೇಟರ್ ನೆಲೆನಿಂತ ಮೇಲೆ, 500ರ ಆಸುಪಾಸಿಗೆ ಏರಿಸಿದರೆ ಹರಳಿನ ಸ್ಥಿರತೆಯೇ ರಾತ್ರಿಯನ್ನು ದಾಟಿಸುತ್ತದೆ.

10 ಮೆಗಾಹರ್ಟ್ಸ್ ಮುಖ್ಯವಾಗಿರುವವರು ಪಲ್ಸನ್ನು ಯುಟಿಸಿಗೆ ಬದಲಾಗಿ ಜಿಪಿಎಸ್ ಕಾಲಕ್ಕೆ ಕಟ್ಟುವುದು ಕ್ಷೇಮ. 26 ಜನವರಿ 2016ರಂದು, ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವ ಸಂದರ್ಭದಲ್ಲಿ, ಉಪಗ್ರಹಗಳು ಬಿತ್ತರಿಸಿದ ಯುಟಿಸಿ ತಿದ್ದುಪಡಿಯಲ್ಲಿ 13 ಮೈಕ್ರೋಸೆಕೆಂಡಿನಷ್ಟು ತಪ್ಪು ನುಸುಳಿತ್ತು. ಯುಟಿಸಿಯನ್ನು ನಂಬಿದ್ದ ಪೆಟ್ಟಿಗೆಗಳು ಗಂಟೆಗಟ್ಟಲೆ ಅದರ ಹಿಂದೆ ಓಡಿದವು. ಜಿಪಿಎಸ್ ಕಾಲಕ್ಕೆ ಕಟ್ಟಿದ್ದವಕ್ಕೆ ಅದರ ಸುದ್ದಿಯೇ ತಲುಪಲಿಲ್ಲ.

ಗುಜರಿಪ್ರಿಯ, ಬೆಂಗಳೂರು (17 ಜೂನ್)

33 ನಿಮಿಷದ ಒಗಟು ಬಿಡಿಸಿದ್ದಕ್ಕೆ ಹ್ಯಾಮ್ ಅವರಿಗೆ ಅನಂತ ವಂದನೆ. ಆದರೆ ನಿನ್ನೆ ಬೆಳಿಗ್ಗೆ ಐದೂವರೆಯಿಂದ ಗಡಿಯಾರ ಪೂರ್ತಿ ಖಾಲಿ. ಕಾರಣ ನಾನೇ ಕಂಡುಕೊಂಡೆ ಎಂದು ಹೇಳಿಕೊಳ್ಳಲು ಸಂತೋಷವಾಗುತ್ತದೆ. ಪೆಟ್ಟಿಗೆ ಕಳುಹಿಸಿದ್ದು ಅಕ್ಟೋಬರ್ 31. ನಾನು 7168 ದಿನ ಕೂಡಿಸಿದಾಗ ಅದು ಜೂನ್ 16 ಆಯಿತು. ಒಳಬರುವ 16ರ ಜೋಡಿ ಬಿಡಿಸುವುದನ್ನು ಕಲಿತಿದ್ದೆ, ನಾನೇ ಹುಟ್ಟಿಸಿದ 16ನ್ನು ಜೋಡಿ ಮಾಡಿ ಹೊರಗೆ ಕಳುಹಿಸುವುದನ್ನು ಮರೆತಿದ್ದೆ. ಈಗ ಎರಡೂ ಸರಿಯಾಗಿದೆ.

ದೂರದೇಶಿ, ಸನ್ನಿವೇಲ್ (18 ಜೂನ್)

ಅಭಿನಂದನೆಗಳು. ಆದರೆ ಪೆಟ್ಟಿಗೆ ತನ್ನ ಬಗ್ಗೆ ತಾನೇ ‘ಎಲ್ಲ ಸರಿ’ ಎಂದು ಹೇಳಿಕೊಳ್ಳುವುದನ್ನು ಬಿಟ್ಟು 10 ಮೆಗಾಹರ್ಟ್ಸ್ ನಿಜಕ್ಕೂ ಸರಿಯಾಗಿದೆಯೆಂದು ಹೇಗೆ ನಂಬುತ್ತೀರಿ?

ಅಡಕೆತೋಟದ ಹ್ಯಾಮ್, ತೀರ್ಥಹಳ್ಳಿ (18 ಜೂನ್)

ನ್ಯಾಯವಾದ ಪ್ರಶ್ನೆ. ಇನ್ನೊಬ್ಬರ ಪೆಟ್ಟಿಗೆಯನ್ನು ಒಂದು ದಿನಕ್ಕೆ ಕಡ ತರುವುದೇ ಸುಲಭದ ದಾರಿ. ಆಸಿಲೋಸ್ಕೋಪಿನಲ್ಲಿ ಒಂದರ ತರಂಗಕ್ಕೆ ಟ್ರಿಗರ್ ಕೊಟ್ಟು ಇನ್ನೊಂದು ಜಾರುವುದನ್ನು ನೋಡಿ. ಒಂದು ಪೂರ್ಣ ಅಲೆ 100 ನ್ಯಾನೋಸೆಕೆಂಡು. 100 ಸೆಕೆಂಡಿನಲ್ಲಿ ಒಂದು ಅಲೆ ಜಾರಿದರೆ ವ್ಯತ್ಯಾಸ ನೂರು ಕೋಟಿಯಲ್ಲಿ ಒಂದು ಪಾಲು. ಎರಡೂ ಸರಿಯಿದ್ದರೆ ತರಂಗ ಅಲ್ಲೇ ಉಸಿರಾಡುತ್ತಿರುವಂತೆ ಹಿಂದೆ ಮುಂದೆ ತೂಗುತ್ತದೆ, ಎತ್ತಲೂ ಹೊರಟುಹೋಗುವುದಿಲ್ಲ. ಎರಡೂ ಒಂದೇ ಆಂಟೆನಾದಲ್ಲಿದ್ದರೆ ಒಂದೇ ತಪ್ಪನ್ನು ಇಬ್ಬರೂ ಮಾಡಬಹುದು, ಬೇರೆ ಬೇರೆ ಆಂಟೆನಾ ಕೊಡಿ.

ಗುಜರಿಪ್ರಿಯ, ಬೆಂಗಳೂರು (29 ಜೂನ್)

ಗೆಳೆಯರೊಬ್ಬರ ಪೆಟ್ಟಿಗೆಯನ್ನು ಎರಡು ದಿನ ಮನೆಯಲ್ಲಿಟ್ಟುಕೊಂಡು ಹೋಲಿಸಿದೆ. ಮೂರು ಗಂಟೆ ನೋಡಿದರೂ ತರಂಗ ಅರ್ಧ ಅಲೆಯಷ್ಟೂ ಸರಿಯಲಿಲ್ಲ.

ನಿನ್ನೆಯಿಂದ ಇದು ಕೆಲಸಕ್ಕೂ ಬಂದಿದೆ. ಕ್ಯೂಓ-100 ಉಪಗ್ರಹದ ಹವ್ಯಾಸಿ ರೇಡಿಯೋ ಬ್ಯಾಂಡನ್ನು ಕೇಳಲು ಡಿಶ್ ಟಿವಿಯ ತಟ್ಟೆಯ ಮುಂದೆ ಸಂಕೇತ ಹಿಡಿಯುವ ಸಾಮಾನ್ಯ ಎಲ್‌ಎನ್‌ಬಿ ಬಳಸುತ್ತಿದ್ದೆ. ಅದರ ಒಳಗಿನ 25 ಮೆಗಾಹರ್ಟ್ಸ್ ಹರಳನ್ನು 390ರಿಂದ ಗುಣಿಸಿ 9750 ಮೆಗಾಹರ್ಟ್ಸ್ ಮಾಡುತ್ತಾರೆ. ಹರಳು ಹತ್ತು ಲಕ್ಷದಲ್ಲಿ ಒಂದು ಪಾಲು ಸರಿದರೆ ನಿಲ್ದಾಣ ಸುಮಾರು 10 ಕಿಲೋಹರ್ಟ್ಸ್ ಓಡಿಹೋಗುತ್ತದೆ. ಮೋಡ ಕವಿದರೆ ಒಂದು ಕಡೆಗೆ, ಬಿಸಿಲು ಬಂದರೆ ಇನ್ನೊಂದು ಕಡೆಗೆ ಡಯಲ್ ತಿರುಗಿಸುತ್ತಾ ಕೂರಬೇಕಿತ್ತು. ಈಗ ಥಂಡರ್‌ಬೋಲ್ಟ್‌ನ 10 ಮೆಗಾಹರ್ಟ್ಸ್‌ನಿಂದ 25 ತಯಾರಿಸಿ ಎಲ್‌ಎನ್‌ಬಿಗೆ ಕೊಟ್ಟಿದ್ದೇನೆ. ನಿನ್ನೆ ಸಂಜೆ ಮಳೆ ಬಂದು ನಿಂತು ಮತ್ತೆ ಬಿಸಿಲು ಬಿದ್ದರೂ ಉಪಗ್ರಹದ ಬೀಕನ್ (ಗುರುತಿನ ಸಂಕೇತ) ಪರದೆಯ ಮೇಲೆ ಗೆರೆ ಎಳೆದಂತೆ ನಿಂತಿತ್ತು.

ಪರೀಕ್ಷೆಗೆಂದು ಒಮ್ಮೆ ಹಳೆಯ ಎಸ್‌ಎಂಪಿಎಸ್‌ನಲ್ಲಿ ಓಡಿಸಿದಾಗ ಅದೇ ಬೀಕನ್ನಿನ ಇಬ್ಬದಿಯಲ್ಲೂ ಸಣ್ಣ ಗೆರೆಗಳು ಕಾಣುತ್ತಿದ್ದವೆಂಬುದನ್ನೂ ಮೈಸೂರಿನ ಹಿರಿಯರಿಗೆ ತಿಳಿಸಬೇಕು. ಹತ್ತರಿಂದ ಹತ್ತು ಸಾವಿರ ಮೆಗಾಹರ್ಟ್ಸ್‌ಗೆ ಏರುವಾಗ ಆ ಗೊಜಲೂ 60 ಡೆಸಿಬೆಲ್ ಏರುತ್ತದೆ. ಲೀನಿಯರ್ ಸಪ್ಲೈಗೆ ಮರಳಿದ ಮೇಲೆ ಅವು ಮಾಯವಾದವು. ಡಿಎಸಿ ವೋಲ್ಟೇಜಿನ ನೋಟ್‌ಬುಕ್ಕಿನ ಚಿತ್ರವನ್ನು ಮುಂದಿನ ವಾರ ಹಾಕುತ್ತೇನೆ. ಕುಂದಾಪುರದವರೇ, ನಿಮ್ಮ ಪೆಟ್ಟಿಗೆಗೂ ಅದೇ ಪ್ರೋಗ್ರಾಮು ಬೇಕಿದ್ದರೆ ತಿಳಿಸಿ, 16ರ ಎರಡೂ ತಿದ್ದುಪಡಿ ಸೇರಿಸಿ ಕಳುಹಿಸುತ್ತೇನೆ.